ಸುರೈಯಾಳ ಇನ್ನೂರು ಮೀಟರು

ಸುರೈಯಾ ಮೊದಲ ಸಲ ಕೆನೋ ಹತ್ತಿದ ದಿನ ಮೂರು ಬಾರಿ ನೀರಿಗೆ ಬಿದ್ದಳು. ಅದೇ ದಿನ ಅದೇ ದೋಣಿ ಹತ್ತಿದ ಮೃಣಾಲ ಒಮ್ಮೆಯೂ ಬೀಳಲಿಲ್ಲ. ಮುಂದೆ ಸುರೈಯಾ ಇನ್ನೂರು ಮೀಟರಿನ ಸ್ಪರ್ಧೆಯಲ್ಲಿ ದೇಶಕ್ಕೇ ಮೊದಲಿಗಳಾದಳು, ಅದೂ ನಾಲ್ಕು ಸಲ. ಆದರೂ ಆ ಮೊದಲ ದಿನದ ಮಾತು ಬಂದರೆ ಇವತ್ತಿಗೂ ಅವಳ ದವಡೆ ಬಿಗಿಯುತ್ತದೆ.

ಬಬಲೇಶ್ವರದಾಚೆ ಮಮದಾಪುರದ ಕೆರೆಗೆ ಕಾಲುವೆಯ ನೀರು ಬಂದ ಮೇಲೆ ಸಂಗಣ್ಣ ಸರ್ ಅಲ್ಲಿ ಎರಡು ಹಳೆಯ ದೋಣಿ ತಂದು ಇಳಿಸಿದ್ದರು. ಅವರು ಸೈನ್ಯದಲ್ಲಿದ್ದಾಗ ಕೆನೋ ಸ್ಪರ್ಧೆಗಳಲ್ಲಿ ಪದಕ ಗೆದ್ದವರು. ನಿವೃತ್ತರಾಗಿ ಊರಾದ ಬಬಲೇಶ್ವರಕ್ಕೆ ಬಂದ ಮೇಲೆ ಕೈ ಕಟ್ಟಿಕೊಂಡು ಕೂರಲಾಗಲಿಲ್ಲ. ಬಂದ ಮಕ್ಕಳಿಗೆಲ್ಲ ಕಲಿಸುತ್ತೇನೆಂದರು. ಬಂದವರು ಹನ್ನೆರಡು ಮಂದಿ, ತಿಂಗಳಾಗುವುದರೊಳಗೆ ಉಳಿದವರು ನಾಲ್ವರು. ಆ ನಾಲ್ವರಲ್ಲಿ ಹುಡುಗಿಯರೆಂದರೆ ಇವರಿಬ್ಬರೇ.

ಸುರೈಯಾ ತಿಕೋಟಾದವಳು. ತಂದೆ ಲಾಲಸಾಬ ಒಣದ್ರಾಕ್ಷಿ ಶೆಡ್ಡೊಂದರ ಉಸ್ತುವಾರಿ ನೋಡಿಕೊಳ್ಳುತ್ತಿದ್ದ, ತಾಯಿ ಆಶಾಬಿ ಅಲ್ಲಿಯೇ ದ್ರಾಕ್ಷಿ ಆರಿಸುತ್ತಿದ್ದಳು. ಶನಿವಾರ ಕಾಲೇಜು ಬಿಟ್ಟೊಡನೆ ಸುರೈಯಾ ವಿಜಯಪುರದಿಂದ ಬಬಲೇಶ್ವರದ ಬಸ್ಸು ಹಿಡಿದು ಅಜ್ಜಿ ಪೀರಾಂಬಿಯ ಮನೆಗೆ ಹೋಗುತ್ತಿದ್ದಳು. ರವಿವಾರ ಬೆಳಗಾಗುತ್ತಲೇ ಸಂಗಣ್ಣ ಸರ್ ತಮ್ಮ ಜೀಪಿನಲ್ಲಿ ಕರೆದುಕೊಂಡು ಕೆರೆಗೆ ಹೊರಡುತ್ತಿದ್ದರು. ಮೃಣಾಲಳ ಮನೆ ವಿಜಯಪುರದ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ. ತಂದೆ ಮಧ್ವೇಶ ನೀರಾವರಿ ಇಲಾಖೆಯ ಎಂಜಿನಿಯರು, ತಾಯಿ ವಂದನಾ ಕಾಲೇಜಿನಲ್ಲಿ ಗಣಿತ ಕಲಿಸುವವರು. ಮಧ್ವೇಶನೇ ಮಗಳನ್ನು ಕಾರಿನಲ್ಲಿ ಕರೆತಂದು, ಏರಿಯ ಮೇಲೆ ಪತ್ರಿಕೆ ಹಿಡಿದು ಕುಳಿತು, ಪತ್ರಿಕೆ ಬಿಟ್ಟು ಮಗಳನ್ನೇ ನೋಡುತ್ತಿದ್ದ.

ಕೆನೋ ಎಂದರೆ ಒಂದು ಮೊಣಕಾಲೂರಿ, ಇನ್ನೊಂದನ್ನು ಮುಂದಕ್ಕೆ ಚಾಚಿ, ಒಂದೇ ಬದಿಗೆ ಹುಟ್ಟು ಹಾಕುತ್ತ ಹೋಗುವ ದೋಣಿ. ಹುಟ್ಟು ಒಂದೇ ಬದಿಗಿದ್ದರೂ ದೋಣಿ ಸೀದಾ ಹೋಗಬೇಕು. ಮಣಿಕಟ್ಟಿನ ಆ ಸಣ್ಣ ತಿರುವು ಸುರೈಯಾಗೆ ಸಿಗಲು ನಾಲ್ಕು ತಿಂಗಳು ಬೇಕಾಯಿತು. ಮೃಣಾಲಗೆ ಅದು ಮೊದಲ ವಾರದಲ್ಲೇ ಬಂದಿತ್ತು. ಹೇಗೆ ಬಂತೆಂದು ಕೇಳಿದರೆ ಅವಳಿಗೆ ಹೇಳಲೂ ಬರುತ್ತಿರಲಿಲ್ಲ.

ಸಂಗಣ್ಣ ಸರ್ ನಯವಾಗಿ ಮಾತಾಡುವ ಪೈಕಿ ಅಲ್ಲ. ಒಂದು ದಿನ ಎಲ್ಲರ ಮುಂದೆ ಅಂದರು: "ಸುರೈಯಾ, ನೀ ನೀರಿನ ಕೂಡ ಜಗಳಾ ಆಡ್ತಿ. ಆಕಿನ್ನ ನೋಡು, ನೀರ ಆಕಿನ್ನ ಹೊತ್ಕೊಂಡ ಹೋಗತೈತಿ."

ಆ ಮಾತು ಸುರೈಯಾಳ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಮಾರನೆಯ ದಿನದಿಂದ ಅವಳು ಶೆಡ್ಡಿನ ಕಬ್ಬಿಣದ ತೊಲೆಗೆ ಜೋತು ಬಿದ್ದು ಮೈ ಎತ್ತತೊಡಗಿದಳು. ದ್ರಾಕ್ಷಿಯ ಕ್ರೇಟುಗಳನ್ನು ಬೇರೆಯವರ ಕೈಯಿಂದ ಕಸಿದು ತಾನೇ ಹೊತ್ತಳು. ಅಂಗೈಯ ಬೊಕ್ಕೆ ಒಡೆದು, ಒಣಗಿ, ಮತ್ತೆ ಒಡೆದವು. ತಾಯಿ ನೋಡಿ ಬೈದರೆ ಕೈ ಮುಚ್ಚಿಕೊಳ್ಳುತ್ತಿದ್ದಳು. ಇಷ್ಟೆಲ್ಲ ಮಾಡಿ ರವಿವಾರ ಕೆರೆಗೆ ಹೋದರೆ ಎರಡು ವಾರ ಯಾರದೋ ಮದುವೆ, ಮುಂಜಿವೆಯೆಂದು ತಪ್ಪಿಸಿಕೊಂಡಿದ್ದ ಮೃಣಾಲ ಬಂದು, ಕೂದಲು ಕಟ್ಟಿಕೊಳ್ಳುತ್ತ ದೋಣಿ ಹತ್ತಿ, ಅವಳಿಗಿಂತ ಒಂದು ದೋಣಿಯುದ್ದ ಮೊದಲು ಮುಟ್ಟುತ್ತಿದ್ದಳು. ನೀರಿನ ಮೇಲೆ ತೇಲಿಬಿಟ್ಟ ಎರಡು ಎಣ್ಣೆ ಡಬ್ಬಗಳ ನಡುವೆ ಇನ್ನೂರು ಮೀಟರು. ಎರಡು ವರ್ಷದಲ್ಲಿ ಒಂದೇ ಒಂದು ರವಿವಾರವೂ ಸುರೈಯಾ ಗೆಲ್ಲಲಿಲ್ಲ.

ಸೋಲಿಗಿಂತ ಹೆಚ್ಚು ಉರಿಸಿದ್ದು ಬೇರೆ. ಮೃಣಾಲ ಗೆದ್ದದ್ದನ್ನು ಮರೆತುಬಿಡುತ್ತಿದ್ದಳು. ದಂಡೆಗೆ ಬಂದವಳೇ ಡಬ್ಬಿ ಬಿಚ್ಚಿ, "ಬಾರಲೇ, ಅವಲಕ್ಕಿ ತಂದೇನಿ" ಎಂದು ಕರೆಯುತ್ತಿದ್ದಳು. ಸುರೈಯಾಳ ಕೈ ನೋಡಿ ತನ್ನ ಕೈಗವಸು ಕೊಟ್ಟಳು. ಸುರೈಯಾ ತೆಗೆದುಕೊಂಡಳು, ಹಾಕಿಕೊಳ್ಳಲಿಲ್ಲ. ರಾಜ್ಯಮಟ್ಟದ ಸ್ಪರ್ಧೆಯಲ್ಲಿ ಮೃಣಾಲ ಮೊದಲು, ಸುರೈಯಾ ಎರಡನೆಯವಳು. ಪತ್ರಿಕೆಯಲ್ಲಿ ಬಂದ ಚಿತ್ರದಲ್ಲಿ ಮೃಣಾಲಳ ನಗುಮುಖವಿತ್ತು, ಪಕ್ಕದಲ್ಲಿ ಸುರೈಯಾಳ ಎಡ ಭುಜವಷ್ಟೇ. ಲಾಲಸಾಬ ಅದನ್ನೇ ಕತ್ತರಿಸಿ ಗೋಡೆಗೆ ಅಂಟಿಸಿ, ಇದು ನನ್ನ ಮಗಳ ತೋಳು ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. ಅವನು ಇಲ್ಲದಾಗ ಸುರೈಯಾ ಅದನ್ನು ಕಿತ್ತು ಒಲೆಗೆ ಹಾಕಿದಳು. ಗಾಳಿಗೆ ಹಾರಿ ಹೋಯಿತೆಂದು ಹೇಳಿದಳು.

ಇಬ್ಬರೂ ಪಿಯುಸಿ ಎರಡನೇ ವರ್ಷಕ್ಕೆ ಬಂದಾಗ ಭೋಪಾಲದಿಂದ ಕರೆ ಬಂತು. ಕಿರಿಯರ ರಾಷ್ಟ್ರೀಯ ತರಬೇತಿ ಶಿಬಿರ, ಮೂರು ತಿಂಗಳು. ಈ ಕಡೆಯಿಂದ ಕೆನೋಕ್ಕೆ ಒಬ್ಬಳೇ ಹುಡುಗಿ. ಸಂಗಣ್ಣ ಸರ್ ಒಂದು ಕ್ಷಣವೂ ಯೋಚಿಸದೆ ಮೃಣಾಲಳ ಹೆಸರು ಬರೆದರು. ಅವಳು ಬರದಿದ್ದರೆ ಸುರೈಯಾ ಎಂದು ಕೆಳಗೆ ಸೇರಿಸಿದರು.

ಮೃಣಾಲ ವಿಜ್ಞಾನದ ವಿದ್ಯಾರ್ಥಿನಿ, ತಾಯಿಗೆ ಅವಳು ಡಾಕ್ಟರಾಗಬೇಕು. ಆದ್ದರಿಂದ ತಂದೆ ಮಗಳು ಸೇರಿ ಒಂದು ಉಪಾಯ ಹೂಡಿದ್ದರು. ತಾಯಿಗೆ ಹದಿನೈದು ದಿನದ ಶಿಬಿರವೆಂದು ಹೇಳುವುದು, ಹೋದ ಮೇಲೆ ಮಿಕ್ಕದ್ದನ್ನು ಅಪ್ಪ ನೋಡಿಕೊಳ್ಳುವುದು. ಈ ಗುಟ್ಟನ್ನು ಮೃಣಾಲ ನಂಬಿ ಹೇಳಿದ್ದು ಸುರೈಯಾ ಒಬ್ಬಳಿಗೇ.

ಮುಂದಿನ ರವಿವಾರ ಮೃಣಾಲಗೆ ಜ್ವರ, ಕೆರೆಗೆ ಬರಲಿಲ್ಲ. ಪಾಲಕರು ಸಹಿ ಹಾಕಬೇಕಾದ ಅರ್ಜಿಯನ್ನು ಸಂಗಣ್ಣ ಸರ್ ಸುರೈಯಾಳ ಕೈಗೆ ಕೊಟ್ಟರು. ತಿಕೋಟಾದ ಬಸ್ಸು ಅಥಣಿ ರಸ್ತೆಯ ಮೇಲೇ ಹೋಗುತ್ತದಲ್ಲ, ದಾರಿಯಲ್ಲಿ ಇಳಿದು ಕೊಟ್ಟು ಹೋಗು ಎಂದರು.

ಮರುದಿನ ಸಂಜೆ ಕಾಲೇಜಿನಿಂದ ಮರಳುವಾಗ ಸುರೈಯಾ ಅಲ್ಲಿ ಇಳಿದಳು. ಜ್ವರ ಬಿಟ್ಟಿದ್ದ ಮೃಣಾಲ ಟ್ಯೂಷನ್ನಿಗೆ ಹೋಗಿದ್ದಳು. ಬಾಗಿಲು ತೆರೆದ ವಂದನಾ ಒಳಗೆ ಕರೆದು, ಕೂರಿಸಿ, ಚಹಾ ಕೊಟ್ಟರು. ತಿರುಗಿ ಬರುತ್ತೇನೆಂದು ಹೇಳಿ ಎದ್ದುಬಿಡಬಹುದಿತ್ತು. ಸುರೈಯಾ ಏಳಲಿಲ್ಲ, ಅರ್ಜಿಯನ್ನು ಅವರ ಕೈಗೇ ಕೊಟ್ಟಳು. ಗೋಡೆಯ ಶೋಕೇಸಿನಲ್ಲಿ ಮೃಣಾಲಳ ಪದಕಗಳಿದ್ದವು, ಒಂದರ ಮೇಲೊಂದು ಬಿದ್ದಿದ್ದವು, ಯಾರೂ ನೆಟ್ಟಗೆ ಇಟ್ಟಿರಲಿಲ್ಲ. ಅವಳು ಅವನ್ನೇ ನೋಡುತ್ತ ಕುಳಿತಳು.

"ಹದಿನೈದ ದಿನಾ ಅಂದಾಳ. ತಿಂಗಳದಾಗ ಮುಗಿಸ್ಕೊಂಡ ಬರ್ತಾಳಲ್ಲಾ?" ಎಂದು ವಂದನಾ ಕೇಳಿದರು.

"ಹದಿನೈದ ದಿನಾ ಅಲ್ರಿ ಆಂಟಿ, ಮೂರು ತಿಂಗಳದ್ರಿ."

"ಹಂಗಾದ್ರ ಪ್ರಿಪರೇಟರಿ?"

"ಅಲ್ಲಿದ್ದಾಗನ ಬರ್ತಾವ್ರಿ. ಪ್ರ್ಯಾಕ್ಟಿಕಲ್ ಸೈತ. ಹ್ವಾದ ವರ್ಷ ಹೋದಾಕಿ ಒಬ್ಬಾಕಿ ವರ್ಷಾನ ಕಳಕೊಂಡಾಳಂತ್ರಿ."

ಒಂದೂ ಸುಳ್ಳಾಗಿರಲಿಲ್ಲ. ವಂದನಾ ಕಪ್ಪನ್ನು ಕೆಳಗಿಟ್ಟರು. ಅರ್ಜಿಯನ್ನು ಮೊದಲಿಂದ ಓದಿದರು. ಕೊನೆಗೆ ಅದನ್ನು ಮಡಚಿ ಸುರೈಯಾಳ ಕೈಗೇ ಮರಳಿ ಕೊಟ್ಟು, ನೀನು ಬಂದದ್ದು ಮೃಣಾಲಗೆ ಗೊತ್ತಾಗುವುದು ಬೇಡ, ನಿಮ್ಮಿಬ್ಬರ ಗೆಳೆತನ ಕೆಡುವುದು ಬೇಡ, ನಾನೂ ನಿನ್ನ ಹೆಸರು ತೆಗೆಯುವುದಿಲ್ಲ ಎಂದರು. ಪಾಪ, ಹುಡುಗಿ ತಿಳಿಯದೆ ಬಾಯಿ ಬಿಟ್ಟಿದ್ದಾಳೆಂದೇ ಅವರು ಭಾವಿಸಿದ್ದರು.

ಸುರೈಯಾ ಮುಂದಿನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತಳು. ತೊರವಿ ದಾಟುವವರೆಗೆ ಅವಳು ಅರ್ಜಿಯನ್ನು ಬಿಡಿಸುತ್ತ, ಮತ್ತೆ ಮಡಚುತ್ತ ಇದ್ದಳು. ಅದು ಹೆದರಿಕೆಯಿರಬೇಕೆಂದುಕೊಂಡಳು. ಆದರೆ ತಿಕೋಟಾದ ದ್ರಾಕ್ಷಿ ತೋಟಗಳು ಕಾಣುವ ಹೊತ್ತಿಗೆ ಅವಳಿಗೆ ಗೊತ್ತಾಯಿತು, ಅದು ಖುಷಿ.

ಎರಡು ದಿನದ ಮೇಲೆ ಮೃಣಾಲ ಫೋನು ಮಾಡಿದಳು. ಅತ್ತು ಅತ್ತು ಗಂಟಲು ಒಡೆದಿತ್ತು. ತಾಯಿ ತಾನೂ ಸಹಿ ಹಾಕುವುದಿಲ್ಲ, ಅಪ್ಪನಿಗೂ ಹಾಕಗೊಡುವುದಿಲ್ಲ ಅಂದಿದ್ದರು. "ಅಪ್ಪಗ ಬಿಟ್ಟರ ಮನ್ಯಾಗ ಯಾರಿಗೂ ಗೊತ್ತಿರಲಿಲ್ಲ. ಅಂವನ ಹೇಳ್ಯಾನ. ಮುಖಾ ನೋಡಿ ಕೇಳಿದೆ, ಬಾಯಿ ಬಿಡಲಿಲ್ಲ" ಎಂದಳು. ಸುರೈಯಾ ಆಗ ಹೇಳಬಹುದಿತ್ತು. "ಹೌದೇನು?" ಎಂದಷ್ಟೇ ಅಂದಳು. ಆ ಕಡೆಯಿಂದ ಮೂಗೊರೆಸಿಕೊಂಡ ಸದ್ದು ಬಂತು. ಆಮೇಲೆ ಮೃಣಾಲ, ನೀನಾದರೂ ಹೋಗು, ಭೋಪಾಲದಲ್ಲಿ ಚಳಿ ಜಾಸ್ತಿಯಂತೆ, ನನ್ನ ಜಾಕೀಟು ಒಯ್ಯಿ ಎಂದಳು.

ಸುರೈಯಾ ಹೋದಳು. ಲಾಲಸಾಬ ಅರ್ಜಿಯನ್ನು ಓದಿಸಿ ಕೇಳಿ, ಪರೀಕ್ಷೆ ಮುಂದಿನ ವರ್ಷವೂ ಇರುತ್ತದೆ ಎಂದು ಸಹಿ ಹಾಕಿದ.

ಭೋಪಾಲದ ದೊಡ್ಡ ಕೆರೆಯಲ್ಲಿ ಅವಳು ದೋಣಿಗಿಂತ ಹೆಚ್ಚಾಗಿ ಸಿಟ್ಟನ್ನು ಓಡಿಸಿದಳು. ಮೊಣಕಾಲಿನ ಚರ್ಮ ಸುಲಿದು, ಗಾಯ ಮಾಗಿ, ಗಟ್ಟಿಯಾಯಿತು. ಬೇರೆ ಹುಡುಗಿಯರು ಬೆಳಿಗ್ಗೆ ಎರಡು ತಾಸು ನೀರಿನಲ್ಲಿದ್ದರೆ ಇವಳು ಮೂರು ತಾಸು. ಮೊದಲ ವರ್ಷ ಕಿರಿಯರಲ್ಲಿ ಕಂಚು, ಮರುವರ್ಷ ಬಂಗಾರ. ಆಮೇಲೆ ಹಿರಿಯರ ರಾಷ್ಟ್ರೀಯ ಸ್ಪರ್ಧೆಯಲ್ಲಿ ನಾಲ್ಕು ವರ್ಷ ಸಾಲಾಗಿ ಇನ್ನೂರು ಮೀಟರು ಅವಳದೇ. ಐವತ್ತಾರು ಸೆಕೆಂಡಿನಿಂದ ಐವತ್ತಕ್ಕೆ ಇಳಿದಳು. ವಿದೇಶಕ್ಕೂ ಹೋದಳು, ಏಶಿಯಾ ಮಟ್ಟದಲ್ಲಿ ಫೈನಲ್ ಸೇರಿ ಆರನೆಯವಳಾದಳು. ಕ್ರೀಡಾ ಕೋಟಾದಲ್ಲಿ ಸರಕಾರಿ ನೌಕರಿ ಸಿಕ್ಕಿತು. ಮೊದಲ ಬಂಗಾರ ತಂದಾಗ ತಿಕೋಟಾದ ಬಸ್‌ಸ್ಟ್ಯಾಂಡಿನಲ್ಲಿ ಒಣದ್ರಾಕ್ಷಿ ಪೋಣಿಸಿದ ಹಾರ ಹಾಕಿದರು. ಆಶಾಬಿ ಗುಂಪಿನ ಹಿಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇಷ್ಟಾದರೂ ಹೊಟ್ಟೆಯೊಳಗಿನ ಉರಿ ಆರಲಿಲ್ಲ. ಅವಳು ದೇಶದಲ್ಲಿ ಎಲ್ಲರನ್ನೂ ಸೋಲಿಸಿದ್ದಳು, ಮೃಣಾಲಳನ್ನು ಬಿಟ್ಟು. ಒಮ್ಮೆ ಗೆದ್ದ ಸ್ಪರ್ಧೆಯ ವಿಡಿಯೋವನ್ನು ಸಂಗಣ್ಣ ಸರ್‌ಗೆ ಕಳಿಸಿದಳು. ಅವರು ನೋಡಿ, ಚಲೋ ಹೊಡೆದಿ ಎಂದು ಹೊಗಳಿ, ಆಮೇಲೆ, "ಮೃಣಾಲ ಬಿಡಬಾರದಾಗಿತ್ತು ನೋಡು" ಅಂದರು. ಅವತ್ತಿನಿಂದ ಅವಳು ಅವರಿಗೆ ವಿಡಿಯೋ ಕಳಿಸುವುದನ್ನು ಬಿಟ್ಟಳು.

ಮೃಣಾಲಗೆ ವೈದ್ಯಕೀಯ ಸೀಟು ಸಿಗಲಿಲ್ಲ. ಬಿ.ಎಸ್ಸಿ., ಬಿ.ಎಡ್. ಮಾಡಿ ತೊರವಿಯ ಹತ್ತಿರದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸತೊಡಗಿದಳು. ಸುರೈಯಾಳ ಪ್ರತಿ ಪದಕಕ್ಕೂ ಮೊದಲು ಬರುವ ಸಂದೇಶ ಅವಳದೇ. ಸುರೈಯಾ ಆ ಸಂದೇಶಗಳನ್ನು ಮತ್ತೆ ಮತ್ತೆ ಓದುತ್ತಿದ್ದಳು, ಎಲ್ಲಾದರೂ ಒಂದಿಷ್ಟು ಸಂಕಟ, ಒಂದಿಷ್ಟು ಹುಳಿ ಇದೆಯೇ ಎಂದು. ಇರಲಿಲ್ಲ. ಶಾಲೆಯ ಮಕ್ಕಳೊಂದಿಗೆ ನಗುತ್ತಿರುವ ಮೃಣಾಲಳ ಫೋಟೋ ಕಂಡರೆ ಅದನ್ನು ದೊಡ್ಡದು ಮಾಡಿ ಮುಖ ನೋಡುತ್ತಿದ್ದಳು. ತಾನು ಕಸಿದುಕೊಂಡದ್ದಕ್ಕೂ ಮರುಗದವಳ ಮೇಲೆ ಇನ್ನೂ ಹೆಚ್ಚು ಉರಿದಳು. ಇಂಥವಳ ಕೈಗೆ ಆ ವಿದ್ಯೆ ಯಾಕೆ ಬಂತು, ಬಂದು ಯಾಕೆ ಸುಮ್ಮನೆ ಹೋಯಿತು?

ಹೋದ ಚಳಿಗಾಲ ರಜೆಯ ಮೇಲೆ ಬಂದಾಗ ಅವಳಿಗೆ ಬಬಲೇಶ್ವರದಲ್ಲಿ ಸತ್ಕಾರವಿತ್ತು. ಮರುದಿನ ರವಿವಾರ ಕೆರೆಯಲ್ಲಿ ಮಕ್ಕಳಿಗೆ ದೋಣಿ ಓಡಿಸಿ ತೋರಿಸಬೇಕೆಂದು ಸಂಗಣ್ಣ ಸರ್ ಕೇಳಿದ್ದರು. ಸುರೈಯಾ ಒಪ್ಪಿಕೊಂಡು ಮೃಣಾಲಗೆ ಫೋನು ಮಾಡಿದಳು. ನನ್ನ ಜೊತೆ ಒಂದು ಸಲ ಇನ್ನೂರು ಮೀಟರು ಹೊಡೆಯಬೇಕು ಎಂದಳು. ಆರು ವರ್ಷದಿಂದ ಹುಟ್ಟು ಮುಟ್ಟಿಲ್ಲ, ಜನ ನಗುತ್ತಾರೆ ಎಂದು ಮೃಣಾಲ ನಕ್ಕಳು. ಸುರೈಯಾ ಬಿಡಲಿಲ್ಲ. ಮೂರನೆಯ ಸಲ ಕೇಳಿದಾಗ ದನಿಯಲ್ಲಿ ಏನೋ ಕೇಳಿಸಿರಬೇಕು, ಮೃಣಾಲ ಆಯಿತು ಎಂದಳು.

ಅವಳು ಸ್ಕೂಟಿಯ ಮೇಲೆ ಒಬ್ಬಳೇ ಬಂದಳು. ಈಗ ಕೆರೆಯಲ್ಲಿ ನಾಲ್ಕು ದೋಣಿಗಳಿದ್ದವು. ಸುರೈಯಾ ಒಳ್ಳೆಯದನ್ನು ಅವಳಿಗೇ ಬಿಟ್ಟುಕೊಟ್ಟಳು, ನಾಳೆ ಯಾರೂ ದೋಣಿಯ ನೆಪ ಹೇಳಬಾರದೆಂದು. ಸಂಗಣ್ಣ ಸರ್ ಸೀಟಿ ಊದಿದರು. ಸುರೈಯಾ ರಾಷ್ಟ್ರೀಯ ಫೈನಲ್ಲಿನಂತೆಯೇ ಹೊರಟಳು, ಹತ್ತು ಹುಟ್ಟು ಹಾಕುವುದರಲ್ಲಿ ಮುಂದಾದಳು, ನೂರು ಮೀಟರಿಗೆ ಪಕ್ಕದಲ್ಲಿ ಯಾರೂ ಇರಲಿಲ್ಲ. ಮುಟ್ಟಿ ತಿರುಗಿ ನೋಡಿದಾಗ ಮೃಣಾಲ ಇನ್ನೂ ಬಹಳ ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದಳು. ಏರಿಯ ಮೇಲಿನ ಮಕ್ಕಳು ಚಪ್ಪಾಳೆ ತಟ್ಟಿದರು.

ಎಂಟು ವರ್ಷ ಕಾದಿದ್ದ ಗೆಲುವು ಅದು. ಸುರೈಯಾ ಎದೆಯೊಳಗೆ ತಡಕಾಡಿದಳು, ಏನೂ ಸಿಗಲಿಲ್ಲ. ಏಕೆಂದರೆ ಹಿಂದಿನಿಂದ ಬರುತ್ತಿದ್ದ ಆ ದೋಣಿಯ ಹುಟ್ಟು ಈಗಲೂ ಸದ್ದಿಲ್ಲದೆ ನೀರಿಗೆ ಇಳಿಯುತ್ತಿತ್ತು. ತೋಳು ಸೋತಿದ್ದವು, ಉಸಿರು ಸೋತಿತ್ತು, ಆ ತಿರುವು ಮಾತ್ರ ಹಾಗೆಯೇ ಇತ್ತು. ಮೃಣಾಲ ದಂಡೆಗೆ ಬಂದು ಮಣ್ಣಿನ ಮೇಲೆ ಮಲಗಿ, ಕೈ ಬಿದ್ದುಹೋದವು ಎಂದು ನಗತೊಡಗಿದಳು.

ಆ ನಗು ಸುರೈಯಾಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕುಳಿತು, ನೀರಿನ ಕಡೆಗೇ ನೋಡುತ್ತ ಹೇಳಿದಳು.

"ಭೋಪಾಲದ ಕ್ಯಾಂಪ್ ಮೂರು ತಿಂಗಳದ್ದು ಅಂತ ನಿಮ್ಮ ಅವ್ವಗ ನಾನ ಹೇಳಿದ್ದೆ. ಬೇಕಂತನ ಹೇಳಿದ್ದೆ."

ಮೃಣಾಲಳ ನಗು ನಿಂತಿತು. ಎದ್ದು ಕುಳಿತಳು. ಅವಳು ಬೈಯಲಿ ಎಂದು ಸುರೈಯಾ ಕಾಯುತ್ತಿದ್ದಳು, ಬೈದಿದ್ದರೆ ಹಗುರವಾಗುತ್ತಿತ್ತು. ಮೃಣಾಲ ಕೇಳಿದ್ದು ಒಂದೇ: "ಹಂಗಾದ್ರ ಅಪ್ಪಾ ಹೇಳಿಲ್ಲಾ?"

ಆಗ ಸುರೈಯಾಗೆ ತಾನು ಏನು ಮಾಡಿದ್ದೇನೆಂಬುದು ಪೂರ್ತಿ ತಿಳಿಯಿತು. ಶಿಬಿರ ತಪ್ಪಿದ ಆ ದಿನದಿಂದ ಮೃಣಾಲ ಅಪ್ಪನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಅವನ ಕಾರಿನಲ್ಲಿ ಕೂರುವುದನ್ನು ಬಿಟ್ಟಿದ್ದಳು, ಅವನೊಂದಿಗೆ ಕೆರೆಗೆ ಬರುವುದನ್ನು ಬಿಟ್ಟಿದ್ದಳು. ದೋಣಿ ಬಿಟ್ಟದ್ದೂ ಪರೀಕ್ಷೆಗಾಗಿ ಅಲ್ಲ. ಏರಿಯ ಮೇಲೆ ಅಪ್ಪ ಕುಳಿತಿರದ ಕೆರೆ ಬೇಡವಾಗಿತ್ತು, ಅಪ್ಪ ಕುಳಿತಿರುವುದೂ ಬೇಡವಾಗಿತ್ತು. ಇದನ್ನೆಲ್ಲ ಮೃಣಾಲ ಸಿಟ್ಟಿಲ್ಲದೆ, ಲೆಕ್ಕ ಒಪ್ಪಿಸುವವಳ ಹಾಗೆ ಹೇಳಿ ಎದ್ದು ನಿಂತಳು.

"ಗಾಡಿ ಹತ್ತು. ಈ ಮಾತು ಅಪ್ಪನ ಮುಂದ ಹೇಳು."

ಬಬಲೇಶ್ವರ ದಾಟಿ ವಿಜಯಪುರ ಸೇರುವವರೆಗೆ ಮೃಣಾಲ ಗಾಡಿಯನ್ನು ಎಲ್ಲಿಯೂ ನಿಲ್ಲಿಸಲಿಲ್ಲ. ಒದ್ದೆ ಬಟ್ಟೆಗೆ ಗಾಳಿ ಬಡಿದು ಸುರೈಯಾಗೆ ಚಳಿಯಾಗುತ್ತಿತ್ತು.

ಅಥಣಿ ರಸ್ತೆಯ ಮನೆಯಲ್ಲಿ ಮಧ್ವೇಶ ಕುಂಡದ ಗಿಡಗಳಿಗೆ ನೀರು ಹಾಕುತ್ತಿದ್ದ. ತಲೆ ಬೆಳ್ಳಗಾಗಿತ್ತು. ಚಾಂಪಿಯನ್ ಬಂದಳೆಂದು ಸಂಭ್ರಮದಿಂದ ಹೆಂಡತಿಯನ್ನು ಕರೆದ. ಸುರೈಯಾ ಕೂರಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದಳು, ಶೋಕೇಸಿನ ಪದಕ ನೋಡುತ್ತ ಕುಳಿತದ್ದನ್ನೂ, ಬಸ್ಸಿನಲ್ಲಿ ಖುಷಿಪಟ್ಟದ್ದನ್ನೂ ಬಿಡಲಿಲ್ಲ. ವಂದನಾ ಬಾಗಿಲ ಚೌಕಟ್ಟು ಹಿಡಿದು ನಿಂತರು. ಹುಡುಗಿ ತಿಳಿಯದೆ ಆಡಿದ ಮಾತೆಂದೇ ಅವರು ಇಷ್ಟು ವರ್ಷ ನಂಬಿದ್ದರು.

ಮಧ್ವೇಶ ಕೊಡವನ್ನು ಕೆಳಗಿಟ್ಟು, ಸುರೈಯಾಳನ್ನಲ್ಲ, ಮಗಳನ್ನು ನೋಡಿದ.

"ನೀ ಹೇಳಿಹೋಗಿದ್ದು ನನಗ ಆವತ್ತ ಗೊತ್ತಾಗಿತ್ತವಾ ಸುರೈಯಾ. ಈಕಿ ಹೇಳಿದ್ಲು" ಎಂದು ಹೆಂಡತಿಯ ಕಡೆ ಕೈ ಮಾಡಿದ. "ಮೃಣಾಲಗ ಕ್ಯಾಂಪ್ ಅಂತೂ ಹೋತು. ಗೆಳತಿನೂ ಯಾಕ ಹೋಗಬೇಕು? ನನ್ನ ಮ್ಯಾಲೆ ಸಿಟ್ಟಾದ್ರ ನಾಕ ದಿನಾ ಆಗ್ತಾಳ ಅಂದ್ಕೊಂಡೆ."

ನಾಲ್ಕು ದಿನ ಆರು ವರ್ಷವಾಗಿತ್ತು. ಮೃಣಾಲ ಹೋಗಿ ಅಪ್ಪನ ಪಕ್ಕದ ಕಟ್ಟೆಯ ಮೇಲೆ ಕುಳಿತಳು. ಅವನು ಒದ್ದೆಗೈಯನ್ನು ಅಂಗಿಗೆ ಒರೆಸಿಕೊಂಡು ಅವಳ ತಲೆಯ ಮೇಲಿಟ್ಟ. ನೋಡುತ್ತ ನಿಂತಿದ್ದ ಸುರೈಯಾಗೆ ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ನಾಚಿಕೆಯ ಕೆಳಗೆ ಅದೇ ಹಳೆಯ ಉರಿಯೂ ಕದಲಿತು. ಕಳೆದುಕೊಂಡ ಮೇಲೂ ಇವಳ ಬಳಿ ಇಷ್ಟೆಲ್ಲ ಉಳಿದಿದೆಯಲ್ಲ ಎಂದು. ತನ್ನ ಈ ಬುದ್ಧಿಗೆ ಅವಳಿಗೇ ಹೇಸಿಗೆಯಾಯಿತು. ವಂದನಾ ಚಹಾ ಮಾಡುತ್ತೇನೆಂದರೂ ನಿಲ್ಲದೆ ಹೊರಬಿದ್ದು ರಸ್ತೆಗೆ ಬಂದು ತಿಕೋಟಾದ ಬಸ್ಸಿಗೆ ಕೈ ಮಾಡಿದಳು.

ಮನೆಗೆ ಬಂದು ತಂದೆಗೂ ಹೇಳಿದಳು, ಗೋಡೆಯ ಚಿತ್ರ ಸುಟ್ಟದ್ದನ್ನೂ ಸೇರಿಸಿ. ಲಾಲಸಾಬ ಚಿತ್ರವಿದ್ದ ಗೋಡೆಯ ಕಡೆ ನೋಡಿದ. ಆ ಹುಡುಗಿ ನಿನಗೆ ಜಾಕೀಟು ಕೊಟ್ಟಿದ್ದಳಲ್ಲ ಎಂದಷ್ಟೇ ಅಂದು ಎದ್ದು ಶೆಡ್ಡಿಗೆ ಹೋದ. ಎರಡು ದಿನ ಅವಳ ಜೊತೆ ಊಟಕ್ಕೆ ಕೂರಲಿಲ್ಲ.

ಮೃಣಾಲಳಿಂದ ಆಮೇಲೆ ಫೋನು ಬರಲಿಲ್ಲ. ಸುರೈಯಾ ಎರಡು ಸಲ ಮಾಡಿದಳು, ಎತ್ತಲಿಲ್ಲ. ಕ್ಷಮಿಸಿದ್ದೇನೆಂದು ಅವಳು ಯಾವತ್ತೂ ಹೇಳಿಲ್ಲ. ಕೇಳುವ ಮುಖ ತನಗಿಲ್ಲವೆಂದು ಸುರೈಯಾಗೂ ಗೊತ್ತು.

ಈ ಬೇಸಿಗೆ ಭೋಪಾಲದ ಶಿಬಿರದಲ್ಲಿದ್ದಾಗ ಸಂಗಣ್ಣ ಸರ್ ತಾವಾಗಿಯೇ ಫೋನು ಮಾಡಿದರು. ಊರಿನ ಸುದ್ದಿ ಹೇಳುತ್ತ, ಎರಡು ತಿಂಗಳಿಂದ ರವಿವಾರಗಳಲ್ಲಿ ಎಂಜಿನಿಯರು ಮತ್ತೆ ಮಗಳನ್ನು ಕರೆದುಕೊಂಡು ಕೆರೆಗೆ ಬರುತ್ತಿದ್ದಾರೆ, ಅವರು ಏರಿಯ ಮೇಲೆ ಕೂರುತ್ತಾರೆ, ಆಕೆ ಯಾವ ಸ್ಪರ್ಧೆಗೂ ಅಲ್ಲ, ಸುಮ್ಮನೆ ತನ್ನ ಖುಷಿಗೆ ದೋಣಿ ಹೊಡೆಯುತ್ತಾಳೆ ಎಂದರು.

ಸುರೈಯಾಗೆ ಸಮಾಧಾನವಾಯಿತು. ನಿಜವಾಗಿಯೂ ಆಯಿತು. ಆಮೇಲೆ ಬಾಯಿ ತಡೆಯಲಿಲ್ಲ.

"ಎಷ್ಟರಾಗ ಮುಟ್ಟಾಕತ್ತಾಳ್ರಿ ಸರ್ರ?"

"ಮದಲನೇ ವಾರ ಅರವತ್ತಾರು. ಮೊನ್ನಿ ಅರವತ್ತು."

ಸುರೈಯಾ ಮನಸ್ಸಿನಲ್ಲೇ ಕಳೆದಳು. ಇನ್ನು ಹತ್ತು ಸೆಕೆಂಡು. ಎರಡು ತಿಂಗಳಲ್ಲಿ ಆರು ಇಳಿದಿದೆ. ಕೆರೆಯ ಕಡೆಯ ಕಿಟಕಿಯಿಂದ ಬಿಸಿಲು ಬರುತ್ತಿತ್ತು, ಮಧ್ಯಾಹ್ನದ ಅಭ್ಯಾಸಕ್ಕೆ ಇನ್ನೂ ಒಂದು ತಾಸು ಇತ್ತು. ಅವಳು ಎದ್ದು ಹುಟ್ಟನ್ನು ಕೈಗೆತ್ತಿಕೊಂಡಳು.

"ಬರೂ ರವಿವಾರದ್ದೂ ಹೇಳ್ರಿ ಸರ್ರ" ಎಂದಳು.